ಶಿಸ್ತು ಬಿಟ್ಟ ಸಭೆಯಲ್ಲಿ ಶಿಕ್ಷೆ ಯಾರಿಗೆ ಬಿತ್ತು?

ಹಂಚಿನಮನೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ಕ್ರಿಸ್ತನ ಹೆಸರಿನಲ್ಲಿ ವಂದನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹಳೇ ನಂಬಿಕೆಯವನು. ಸತ್ಯವೇದ (ಬೈಬಲ್) ದೇವರ ಮಾತು. ಅದರಲ್ಲಿ ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಡುವ ಹಕ್ಕು ನಮಗಿಲ್ಲ. ಮದುವೆ ಗಂಡು ಹೆಣ್ಣಿನ ನಡುವೆ, ಸಾಯುವ ತನಕ. ಕುಡಿತ ಮುಟ್ಟುವುದಿಲ್ಲ. ಆದಿತ್ಯವಾರ ಅಂಗಡಿ ಬಾಗಿಲು ತೆರೆಯುವುದಿಲ್ಲ.

ನಮ್ಮದು ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟೆಂಟ್ ಮಿಶನರಿ ಸಂಸ್ಥೆ) ಮೂಲದ ಸಭೆ, ಈಗ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ. ಮುತ್ತಜ್ಜ ಸೇಂದಿ ಇಳಿಸುವ ಕಸುಬು ಬಿಟ್ಟು ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ ಸೇರಿದವರು. 1865ರಲ್ಲಿ ಮಿಶನ್‌ನವರು ಶುರು ಮಾಡಿದ ಕಾರ್ಖಾನೆ ಅದು. ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ, ಹಾಗೇ ನಾಲ್ಕು ತಲೆಮಾರು ನಡೆದುಬಂದಿದೆ.

ಅಜ್ಜಿ ಒಂದು ವಿಷಯ ಯಾವಾಗಲೂ ಹೇಳುತ್ತಿದ್ದರು. ರಾತ್ರಿಭೋಜನದ ಸಂಸ್ಕಾರ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು) ಇರುವ ವಾರ, ಶನಿವಾರ ಸಂಜೆ ಅಯ್ಯನವರ, ಅಂದರೆ ಸಭಾಪಾಲಕರ, ಬಂಗಲೆಗೆ ಹೋಗಿ ಹೆಸರು ಕೊಡಬೇಕಿತ್ತಂತೆ. ಜಗಲಿಯಲ್ಲಿ ಉದ್ದ ಬೆಂಚು. ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಿಸುತ್ತಿದ್ದರು. ಒಂದು ಸಲ ಅಜ್ಜಿಗೂ ಪಕ್ಕದ ಮನೆಯವರಿಗೂ ಗಡಿಯ ಹಲಸಿನ ಮರದ ವಿಷಯಕ್ಕೆ ಮಾತು ನಿಂತಿತ್ತು. ಅಯ್ಯನವರಿಗೆ ಅದು ಗೊತ್ತಿತ್ತು. ಅಜ್ಜಿಯ ಹೆಸರು ಬರೆಯದೆ ಪೆನ್ಸಿಲು ಕೆಳಗಿಟ್ಟರಂತೆ. "ರಾಜಿ ಮಾಡಿಕೊಂಡು ಬಾ, ನಾನು ಎದ್ದಿರುತ್ತೇನೆ" ಅಂದರಂತೆ. ಅಜ್ಜಿ ಕತ್ತಲಲ್ಲಿ ಲಾಟೀನು ಹಿಡಿದು, ಒಂದು ಹಲಸಿನ ಹಣ್ಣು ಹೊತ್ತುಕೊಂಡು ಆ ಮನೆಗೆ ಹೋದರು. ವಾಪಸ್ ಬಂದಾಗ ಅಯ್ಯನವರು ಎದ್ದೇ ಇದ್ದರು.

ಈಗ ಯಾರೂ ಹೆಸರು ಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಹೋಗುತ್ತೇವೆ, ತಗೊಳ್ಳುತ್ತೇವೆ, ಬರುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಭೆಯ ಒಬ್ಬ ಹುಡುಗಿ, ಸಂಡೆ ಸ್ಕೂಲಿನಲ್ಲಿ ನನ್ನ ಹತ್ತಿರವೇ ಕಲಿತವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಬಿಟ್ಟು ಹೋದ. ಅವನೂ ನಮ್ಮ ಸಭೆಯವನೇ, ದೀಕ್ಷಾಸ್ನಾನ, ದೃಢೀಕರಣ ಎಲ್ಲ ಇಲ್ಲೇ ಆದದ್ದು. ಫೋನು ಎತ್ತುವುದಿಲ್ಲ, ಒಂದು ರೂಪಾಯಿ ಕಳಿಸಿಲ್ಲ. ಹೀಗೇ ಆರು ವರ್ಷ ಹೋಯಿತು. ಕೋರ್ಟು ವಿಚ್ಛೇದನ ಕೊಟ್ಟಿತು. ಈಗ ಒಬ್ಬ ಒಳ್ಳೆಯ ವಿಶ್ವಾಸಿ ಅವಳನ್ನು ಮದುವೆಯಾಗಲು ಮುಂದೆ ಬಂದಿದ್ದಾನೆ. ನಮ್ಮಲ್ಲಿ ಮದುವೆಗೆ ಮೊದಲು ಮೂರು ಆದಿತ್ಯವಾರ ಆರಾಧನೆಯಲ್ಲಿ ಇಬ್ಬರ ಹೆಸರು ಓದಿ ಆಕ್ಷೇಪಣೆ ಇದೆಯಾ ಎಂದು ಕೇಳುತ್ತಾರೆ, ಹಾಗೆ ನಮ್ಮ ಹೆಸರು ಓದಿ ಅಂತ ಇಬ್ಬರೂ ಅರ್ಜಿ ಕೊಟ್ಟರು. ಸಭೆಯ ಸಮಿತಿ ಆಗುವುದಿಲ್ಲ ಎಂದಿತು. ಬೇಡ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಸಮಿತಿಯ ಅದೇ ಬೈಠಕಿನಲ್ಲಿ ಮುಂದಿನ ವಿಷಯ, ಒಬ್ಬ ಹಿರಿಯರ ಮಗನ ಮದುವೆಗೆ ಕಂಪೌಂಡು ಬಿಟ್ಟುಕೊಡುವುದು. ಅದು ಎರಡೇ ನಿಮಿಷದಲ್ಲಿ ಪಾಸಾಯಿತು. ಮದುವೆ ದಿನ ಮದುಮಗಳ ಕಡೆಯಿಂದ ವರದಕ್ಷಿಣೆಯಾಗಿ ಬಂದ ಕಾರು ದೇವಾಲಯದ ಮೆಟ್ಟಿಲ ಎದುರೇ ನಿಂತಿತ್ತು, ಬಾನೆಟ್ಟಿನ ಮೇಲೆ ದೊಡ್ಡ ಕೆಂಪು ರಿಬ್ಬನ್ನು. ಅದರ ಪಕ್ಕದಲ್ಲೇ ನಡೆದು ಒಳಗೆ ಹೋದೆವು. ಯಾರೂ ಒಂದು ಮಾತು ಆಡಲಿಲ್ಲ.

ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ. ಮತ್ತಾಯ 18ನ್ನೂ 1 ಕೊರಿಂಥ 7ನ್ನೂ ಒಟ್ಟಿಗೆ ಇಟ್ಟುಕೊಂಡು ಮತ್ತೆ ಮತ್ತೆ ಓದಿದೆ. ಅವಿಶ್ವಾಸಿಯಾದ ಗಂಡ ಬಿಟ್ಟು ಹೋದರೆ ವಿಶ್ವಾಸಿಗೆ ಕಟ್ಟು ಇಲ್ಲ ಎನ್ನುತ್ತಾನೆ ಪೌಲ. ನಮ್ಮ ಸಮಿತಿ ಹಿಡಿದ ವಾದ ಇಷ್ಟೇ: "ಆ ಗಂಡ ಅವಿಶ್ವಾಸಿ ಅಲ್ಲವಲ್ಲ, ಅವನ ಹೆಸರು ನಮ್ಮ ರಿಜಿಸ್ಟರಿನಲ್ಲೇ ಇದೆ."

ಯಾಕೆ ಇದೆ? ನಾವು ತೆಗೆಯಲಿಲ್ಲ, ಅದಕ್ಕೆ ಇದೆ. ಮತ್ತಾಯ 18ರಲ್ಲಿ ಯೇಸು ದಾರಿ ಹಾಕಿಕೊಟ್ಟಿದ್ದಾನೆ. ಮೊದಲು ಒಬ್ಬನೇ ಹೋಗಿ ಮಾತಾಡು. ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದವನನ್ನು ಹೊರಗಿನವನೆಂದು ಎಣಿಸು. ಈ ಆರು ವರ್ಷದಲ್ಲಿ ನಮ್ಮಲ್ಲಿ ಒಬ್ಬನಾದರೂ ಅವನ ಮನೆ ಬಾಗಿಲು ತಟ್ಟಿದ್ದೇವಾ? ಇಲ್ಲ. ನಾವು ಮಾಡಬೇಕಾದ ಕೆಲಸ ಮಾಡಲಿಲ್ಲ, ಆದ್ದರಿಂದ ಅವನು ಇವತ್ತಿಗೂ ಕಾಗದದ ಮೇಲೆ ವಿಶ್ವಾಸಿ. ಆ ಕಾಗದ ತೋರಿಸಿ ಅವಳಿಗೆ ಬಾಗಿಲು ಹಾಕಿದ್ದೇವೆ.

ಸಭಾ ಶಿಸ್ತು ಮತ್ತೆ ಬರಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ. ನಿಮ್ಮ ಸಭೆಗಳಲ್ಲಿ ಹೇಗೆ ಮಾಡುತ್ತೀರಿ, ಹೇಳಿ.

ಬೆಟಗೇರಿ ಅಕ್ಕ

ಅಣ್ಣಾವ್ರೇ, ಓದಿ ಕಣ್ಣು ತುಂಬಿ ಬಂತು. ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟು ಮಾಡ್ಕೋಬ್ಯಾಡ್ರಿ. ಆ ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು? ಆ ಹುಡುಗಿಯನ್ನು ಒಳಗೆ ಕರೆದು ಕೂರಿಸಿ ಮಾತು ಕೇಳಿದಿರೋ, ಇಲ್ಲ ಅರ್ಜಿ ಮಾತ್ರ ಓದಿದಿರೋ?

ಹಂಚಿನಮನೆ

ಅಕ್ಕಾ, ಸಿಟ್ಟು ಯಾಕೆ. ಇಬ್ಬರು ಇದ್ದರು. ಇಬ್ಬರೂ ಬಾಯಿ ಬಿಡಲಿಲ್ಲ, ನಾವೂ ಕೇಳಲಿಲ್ಲ. ಹುಡುಗಿ ಹೊರಗೆ ಸಂಪಿಗೆ ಮರದ ಕೆಳಗೆ ಅಮ್ಮನ ಜೊತೆ ನಿಂತಿದ್ದಳು. ತೀರ್ಮಾನ ಹೇಳಲು ಹೊರಗೆ ಹೋದವನು ನಾನೇ.

ಬಲ್ಮಠದಲ್ಲಿ ಓದಿದವಳು

ಅಣ್ಣ, ನಾನು ದೇವಶಾಸ್ತ್ರ ಓದಿದವಳು, ಈಗ ಒಂದು ಸಣ್ಣ ಸಭೆಯಲ್ಲಿ ಸಭಾಪಾಲಕಿ. ನಿಮ್ಮ ಮತ್ತಾಯ 18ರ ವಾದ ಗಟ್ಟಿಯಾಗಿದೆ. ಆದರೆ ಅಜ್ಜಿ ಕಾಲದ ಶಿಸ್ತಿನ ಬಗ್ಗೆ ಒಂದು ಮಾತು ಸೇರಿಸಬೇಕು.

ಆ ಶಿಸ್ತು ನಡೆಯುತ್ತಿದ್ದದ್ದು ಯಾಕೆ ಗೊತ್ತಾ? ಮಿಶನ್‌ನವರೇ ಪಾದ್ರಿ, ಮಿಶನ್‌ನವರೇ ಕೆಲಸ ಕೊಡುವವರು, ಶಾಲೆಯೂ ಅವರದ್ದೇ. ಎಷ್ಟೋ ಕಡೆ ಕೂತ ಜಾಗವೂ ಅವರದ್ದೇ. ಕ್ರೈಸ್ತರಾದರೆಂದು ಜಾತಿಯವರು ಹೊರಗೆ ಹಾಕಿದವರಿಗೆ ಹೊಟ್ಟೆಪಾಡು ಬೇಕಲ್ಲ, ಅದಕ್ಕೇ ನೇಯ್ಗೆ, ಹಂಚು, ಪ್ರೆಸ್ಸು ಎಲ್ಲ ಶುರುವಾಯಿತು. ಅದು ಒಳ್ಳೆಯದೇ. ಆದರೆ ಸಂಸ್ಕಾರದಿಂದ ತಡೆಯುವ ಕೈ, ವಾರದ ಕೂಲಿ ಕೊಡುವ ಕೈ, ಎರಡೂ ಒಂದೇ ಆಗಿದ್ದಾಗ ಬಡವನು ಎದುರು ಮಾತಾಡುವುದು ಹೇಗೆ? ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಕಳಿಸಿಬಿಟ್ಟರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಅಲ್ಲಿಂದ ಆಚೆ ಶಿಸ್ತು ನಿಧಾನಕ್ಕೆ ಸಡಿಲ ಆದದ್ದು ನಂಬಿಕೆ ಕಡಿಮೆಯಾಗಿದ್ದಕ್ಕೆ ಮಾತ್ರ ಅಲ್ಲ ಅಂತ ನನಗೆ ಅನಿಸುತ್ತದೆ.

ಇನ್ನೊಂದು. ಕೋರ್ಟು ವಿಚ್ಛೇದನ ಕೊಟ್ಟಿತು ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದಿರಿ. ನಮ್ಮವರಿಗಿದ್ದ ಕಾನೂನು 1869ರದ್ದು. ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಬಿಟ್ಟು ಹೋದದ್ದನ್ನೋ ಕೂಡ ಸಾಬೀತು ಮಾಡಬೇಕಿತ್ತು. ಗಂಡ ಸುಮ್ನೆ ಬಿಟ್ಟು ಹೋದ ಅಂದರೆ ಅವಳಿಗೆ ಬಿಡುಗಡೆಯೇ ಇರಲಿಲ್ಲ. 2001ರ ತಿದ್ದುಪಡಿ ಬರುವ ತನಕ ಇದೇ ಕಥೆ. ಎಷ್ಟು ಹೆಣ್ಣುಮಕ್ಕಳ ಆಯಸ್ಸು ಅದರಲ್ಲಿ ಹೋಗಿದೆ.

ಹಂಚಿನಮನೆ

ತಂಗಿ, ನೀವು ಹೇಳಿದ್ದು ನಿಜ. ಕಾರ್ಖಾನೆ ಮತ್ತು ಶಿಸ್ತು ಒಂದೇ ಕೈಯಲ್ಲಿ ಇದ್ದದ್ದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಮುತ್ತಜ್ಜ ಹೆದರಿ ನಡೆದರೋ, ನಂಬಿ ನಡೆದರೋ ಕೇಳೋಣವೆಂದರೆ ಅವರಿಲ್ಲ. ಆದರೆ ಅಜ್ಜಿಯ ಕಾಲಕ್ಕೆ ಮಿಶನ್ ಕಾರ್ಖಾನೆ ಇರಲಿಲ್ಲ. ಅವರು ಹಲಸಿನ ಹಣ್ಣು ಹೊತ್ತುಕೊಂಡು ಹೋದದ್ದು ಕೂಲಿಗೆ ಹೆದರಿ ಅಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ಹೆಂಗಸರು ಸಭಾಪಾಲಕರಾಗುವುದು ಸರಿ ಅಂತ ನನಗೆ ಇನ್ನೂ ಮನಸ್ಸಿಗೆ ಬಂದಿಲ್ಲ. ಹೆಂಗಸು ಉಪದೇಶ ಮಾಡಬಾರದು ಎನ್ನುವ 1 ತಿಮೊಥೆ 2ನ್ನು ಆ ಕಾಲಕ್ಕೆ ಮಾತ್ರ ಹೇಳಿದ್ದು ಅಂತ ಬದಿಗಿಡಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ.

ಬಲ್ಮಠದಲ್ಲಿ ಓದಿದವಳು

ಗೊತ್ತಾಯಿತು ಅಣ್ಣ, ಬೇಜಾರಿಲ್ಲ. ಆದರೆ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನೂ ಅದರ ಜೊತೆಗೇ ಇಟ್ಟು ಓದಿ. ಪೌಲ ಫೊಯಿಬೆ ಎಂಬ ಹೆಂಗಸನ್ನು ಸಭೆಯ ಸೇವಕಿ ಎಂದು ಹೆಸರು ಹಿಡಿದು ಪರಿಚಯ ಮಾಡುತ್ತಾನೆ, ಅವಳಿಗೆ ಏನು ಬೇಕೋ ಅದರಲ್ಲಿ ನೆರವಾಗಿ ಎನ್ನುತ್ತಾನೆ. ನಮ್ಮ ಸಿ.ಎಸ್.ಐ. 1976ರಲ್ಲೇ ಮೊದಲ ಮಹಿಳೆಗೆ ಸಭಾಪಾಲಕ ದೀಕ್ಷೆ ಕೊಟ್ಟಿದೆ. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪ್ ಆದರು. ಆ ಹುಡುಗಿ ಸಂಪಿಗೆ ಮರದ ಕೆಳಗೆ ನಿಂತಿದ್ದಾಗ ನಿಮ್ಮ ಸಭೆಯಲ್ಲಿ ಒಬ್ಬ ಸಭಾಪಾಲಕಿ ಇದ್ದಿದ್ದರೆ, ಅವಳು ಆರು ವರ್ಷ ಮೊದಲೇ ಬಂದು ಹೇಳಿಕೊಳ್ಳುತ್ತಿದ್ದಳೋ ಏನೋ. ವಾದಕ್ಕೆ ಹೇಳಿದ್ದಲ್ಲ. ನನ್ನ ಸಭೆಯಲ್ಲಿ ಹೀಗೆ ಬಂದು ಹೇಳಿಕೊಂಡವರು ಇದ್ದಾರೆ.

ಹಂಚಿನಮನೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಸಿ.ಎಸ್.ಐ.ನ ಮೇಲಿನ ಮಂಡಳಿ ಸಿನಡ್ ತೀರ್ಮಾನ ಮಾಡಿದೆ, ನನಗೆ ಒಪ್ಪಿಗೆ ಇಲ್ಲದಿದ್ದರೂ ಸಭೆ ಬಿಟ್ಟು ಹೋಗಲಿಲ್ಲ, ಹೋಗುವುದೂ ಇಲ್ಲ. ನಮ್ಮಲ್ಲಿಗೆ ಸಭಾಪಾಲಕಿ ಬಂದರೆ ಅವರ ಪ್ರಸಂಗಕ್ಕೆ ಮುಂದಿನ ಬೆಂಚಿನಲ್ಲೇ ಕೂರುತ್ತೇನೆ.

ಕೊಂಕಣಿ ಕೆಥೊಲಿಕ್

ಸರ್, ನಾನು ಬೇರೆ ಸಭೆಯವನು, ಆದರೂ ಎರಡು ಮಾತು. ನಮ್ಮಲ್ಲಿ ವಿಚ್ಛೇದನ ಇಲ್ಲವೇ ಇಲ್ಲ. ಮದುವೆ ಶುರುವಿನಿಂದಲೇ ಊರ್ಜಿತ ಆಗಿರಲಿಲ್ಲ ಅಂತ ಧರ್ಮಪ್ರಾಂತ್ಯದ ನ್ಯಾಯಮಂಡಳಿ ತೀರ್ಪು ಕೊಟ್ಟರೆ ಮಾತ್ರ ಇಗರ್ಜಿಯಲ್ಲಿ ಇನ್ನೊಂದು ಮದುವೆ. ಮೊದಲು ಎರಡು ಮಂಡಳಿಗಳು ಒಂದೇ ತೀರ್ಪು ಕೊಡಬೇಕಿತ್ತು, ವರ್ಷಗಟ್ಟಲೆ ಕಾಯಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಒಂದಕ್ಕೆ ಇಳಿಸಿದರು. ಆದರೂ ಅದಕ್ಕೆ ಸರ್ಕಾರಿ ಬೆಲೆ ಇಲ್ಲ, ಕೋರ್ಟಿಗೂ ಬೇರೆ ಹೋಗಬೇಕು.

ನಿಮ್ಮ ದಾರಿ ನಮ್ಮದಲ್ಲ. ಆದರೆ ಒಂದು ವಿಷಯ ನೋಡಿ. ನಮ್ಮಲ್ಲಿ ಕೊನೆಗೂ ಒಬ್ಬರು ಕೂತು ಇಬ್ಬರ ಹೇಳಿಕೆಯನ್ನೂ ಬರೆದುಕೊಳ್ಳುತ್ತಾರೆ, ಸಾಕ್ಷಿಗಳನ್ನು ಕರೆಯುತ್ತಾರೆ. ನಿಮ್ಮ ಸಮಿತಿ ಕೈ ಎತ್ತಿ ಮುಗಿಸಿತು.

ವರದಕ್ಷಿಣೆ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ದೋಣಿಯಲ್ಲಿ ಇದ್ದೇವೆ. ಕೊಂಕಣಿಯಲ್ಲಿ 'ದೋತ್' ಅನ್ನುತ್ತೇವೆ. ಈಗ ಆ ಹೆಸರು ಯಾರೂ ಎತ್ತುವುದಿಲ್ಲ, 'ನಿಮ್ಮ ಮಗಳಿಗೆ ನೀವು ಏನು ಕೊಡುತ್ತೀರೋ ನಿಮ್ಮಿಷ್ಟ' ಎನ್ನುತ್ತಾರೆ.

ಪೆಂತೆಕೋಸ್ತ್ ಸಹೋದರ

ಪ್ರೈಸ್ ದಿ ಲಾರ್ಡ್ ಬ್ರದರ್. ನಮ್ಮ ಸಭೆಯಲ್ಲಿ ಶಿಸ್ತು ಇವತ್ತಿಗೂ ಇದೆ. ತಪ್ಪು ಮಾಡಿದವರನ್ನು ಪಾಸ್ಟರ್ ಎಲ್ಲರ ಎದುರೇ ನಿಲ್ಲಿಸುತ್ತಾರೆ. ನಿಮ್ಮಂಥ ಗಟ್ಟಿ ವಿಶ್ವಾಸಿ ತಣ್ಣಗಾದ ಸಭೆಯಲ್ಲಿ ಯಾಕೆ ಇದ್ದೀರಿ?

ಬೆಟಗೇರಿ ಅಕ್ಕ

ಬ್ರದರ್, ಎಲ್ಲರ ಎದುರು ನಿಲ್ಲಿಸುವುದು ಮತ್ತಾಯ 18ರಲ್ಲಿ ಕಡೆಯ ಮೆಟ್ಟಿಲು. ಮೊದಲ ಎರಡು ಮೆಟ್ಟಿಲು ಹತ್ತಿದ್ದಾರಾ ನಿಮ್ಮ ಪಾಸ್ಟರ್? ಪಾಸ್ಟರೇ ತಪ್ಪು ಮಾಡಿದರೆ ಅವರನ್ನು ಯಾರು ನಿಲ್ಲಿಸುತ್ತಾರೆ?

ಪೆಂತೆಕೋಸ್ತ್ ಸಹೋದರ

ಸಿಸ್ಟರ್, ಅದು ಯೋಚನೆ ಮಾಡಬೇಕಾದ ಮಾತು. ಪ್ರಾರ್ಥನೆ ಮಾಡುತ್ತೇನೆ.

ಕುಂದಾಪುರ, ಸದ್ಯ ದುಬೈ

ಅಂಕಲ್, ನಾನು ಸಭೆಗೆ ಹೋಗುವುದನ್ನು ಹೆಚ್ಚು ಕಡಿಮೆ ಬಿಟ್ಟವನು. ನಿಮ್ಮಷ್ಟು ಬಿಚ್ಚಿ ಮಾತಾಡುವವರು ಕಡಿಮೆ, ಅದಕ್ಕೆ ಕೇಳುತ್ತೇನೆ. ಸಲಿಂಗಿಗಳ ಬಗ್ಗೆ ಏನು ಹೇಳುತ್ತೀರಿ? 2018ರಲ್ಲಿ ಸುಪ್ರೀಂ ಕೋರ್ಟು ಅದು ಅಪರಾಧ ಅಲ್ಲ ಅಂದಿತು. 2023ರಲ್ಲಿ ಮದುವೆಯ ವಿಷಯ ಸಂಸತ್ತಿಗೆ ಬಿಟ್ಟದ್ದು ಅಂದಿತು. ನಿಮ್ಮ ಶಿಸ್ತು ಮತ್ತೆ ಬಂದರೆ ಮೊದಲ ಏಟು ಅವರಿಗೇ ಬೀಳುತ್ತದೆ ಅಲ್ವಾ?

ಇನ್ನೊಂದು ಪ್ರಶ್ನೆ. ನಿಮ್ಮ ಮದುವೆಯಲ್ಲಿ ನೀವು ವರದಕ್ಷಿಣೆ ತಗೊಂಡಿದ್ದೀರಾ?

ಹಂಚಿನಮನೆ

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ನನ್ನ ನಂಬಿಕೆ ಬದಲಾಗಿಲ್ಲ. ಆದಿಕಾಂಡ 2ರಲ್ಲಿ ದೇವರು ಕಟ್ಟಿದ ಮದುವೆಯನ್ನು ಮತ್ತಾಯ 19ರಲ್ಲಿ ಯೇಸು ಮತ್ತೆ ಎತ್ತಿ ಹೇಳಿದ್ದಾನೆ, ಅದಕ್ಕಿಂತ ಆಚೆ ನಾನು ಹೋಗಲಾರೆ. ಆದರೆ ನಮ್ಮ ಗಾಯನ ತಂಡದಿಂದ ಒಬ್ಬ ಹುಡುಗನನ್ನು ಬರೀ ಗಾಳಿಸುದ್ದಿ ಕೇಳಿ ತೆಗೆದರು. ಯಾರೂ ಅವನ ಹತ್ತಿರ ಕೂತು ಮಾತಾಡಲಿಲ್ಲ. ಅವನ ಹೆಸರು ಪಟ್ಟಿಯಲ್ಲಿ ಇಲ್ಲದ್ದು ಅವನಿಗೆ ಗೊತ್ತಾದದ್ದು ನೋಟೀಸು ಬೋರ್ಡು ನೋಡಿ. ಅದು ಶಿಸ್ತು ಅಲ್ಲ, ಹೊರದಬ್ಬುವುದು. ಒಬ್ಬಂಟಿಯಾಗಿ ಜೀವನ ಪೂರ್ತಿ ಕಳೆ ಎಂದು ಅವನಿಗೆ ಹೇಳುವ ಸಭೆ, ಅವನಿಗೆ ಜ್ವರ ಬಂದಾಗ ಗಂಜಿ ತೆಗೆದುಕೊಂಡು ಹೋಗಬೇಕು. ಗಂಜಿ ಕೊಡಲು ತಯಾರಿಲ್ಲದವರು ಉಪದೇಶ ಕೊಡಬಾರದು.

ಎರಡನೆಯದಕ್ಕೆ ಇವತ್ತು ಬರೆಯಲು ಆಗುವುದಿಲ್ಲ ಮಗನೇ.

ಕುಂದಾಪುರ, ಸದ್ಯ ದುಬೈ

ಸರಿ ಅಂಕಲ್. ನೋಯಿಸಲು ಕೇಳಿದ್ದಲ್ಲ.

ಹಂಚಿನಮನೆ (ಮರುದಿನ)

ರಾತ್ರಿ ನಿದ್ದೆ ಬರಲಿಲ್ಲ. ಹೌದು, ತಗೊಂಡಿದ್ದೇನೆ.

1990ರಲ್ಲಿ ಮದುವೆ. ಹದಿನಾರು ಪವನು ಬಂಗಾರ, ಒಂದು ಸ್ಕೂಟರ್. ನಾನು ಬಾಯಿಬಿಟ್ಟು ಕೇಳಿರಲಿಲ್ಲ, ಅಪ್ಪ ಕೇಳಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಚಹಾ ಲೋಟ ಹಿಡಿದು ಕೂತಿದ್ದೆ. ಸ್ಕೂಟರ್ ಕೀ ಕೈಗೆ ಬಂದಾಗ ಖುಷಿಯೂ ಆಗಿತ್ತು. ವರದಕ್ಷಿಣೆ ತಡೆ ಕಾಯ್ದೆ ಬಂದದ್ದು 1961ರಲ್ಲಿ, ನಾನು ಹುಟ್ಟುವ ಮೊದಲೇ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮಾವನವರು ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಭಾವ ತೀರಿಸಿದರು. ಆ ಸಾಲದ ದೆಸೆಯಿಂದ ಭಾವನ ಮದುವೆ ನಾಲ್ಕು ವರ್ಷ ಮುಂದೆ ಹೋಯಿತು. ಇದು ನನಗೆ ಗೊತ್ತಾದದ್ದು ನಿನ್ನೆ ರಾತ್ರಿ. ಹೆಂಡತಿಯನ್ನು ಕೇಳಿದೆ, ಹೇಳಿದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ಲ" ಅಂದಳು.

ಆ ಹುಡುಗಿಯ ಅರ್ಜಿಗೆ ಬೇಡ ಎಂದು ಎತ್ತಿದ್ದು ಇದೇ ಕೈ.

ಬಲ್ಮಠದಲ್ಲಿ ಓದಿದವಳು

ಅಣ್ಣ, ಇದನ್ನು ಬರೆಯಲು ಎಷ್ಟು ಕಷ್ಟ ಆಗಿರಬಹುದು. ಒಂದೇ ಮಾತು. ಭಾವನವರ ಹತ್ತಿರ ಹೋಗುವಾಗ ಅಕ್ಕನನ್ನೂ, ನಿಮ್ಮ ಹೆಂಡತಿಯನ್ನು, ಜೊತೆಗೆ ಕರೆದುಕೊಂಡು ಹೋಗಿ. ಅದು ಅವರ ಅಪ್ಪನ ಸಾಲ.

ಕೊಂಕಣಿ ಕೆಥೊಲಿಕ್

ಸರ್, ಲೂಕ 19ರ ಜಕ್ಕಾಯ ನೆನಪಾದ, ಮೋಸದಿಂದ ತಗೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದ ಸುಂಕದವನು. ನಮ್ಮ ಮನೆಯಲ್ಲೂ ಒಂದು ಸ್ಟೀಲ್ ಕಪಾಟು ಇದೆ, ಅಣ್ಣನ ಮದುವೆಗೆ ಬಂದದ್ದು. ಇವತ್ತು ಅದನ್ನು ತೆರೆಯುವಾಗ ಕೈ ಹಿಂದೆ ಬಂತು.

ಪೆಂತೆಕೋಸ್ತ್ ಸಹೋದರ

ಹಳೇದು ಹೋಯಿತು, ಎಲ್ಲ ಹೊಸದಾಯಿತು ಬ್ರದರ್. ದೇವರು ಕ್ಷಮಿಸಿಬಿಟ್ಟಿದ್ದಾರೆ. ಸುಮ್ನೆ ಹಿಂದಿನದನ್ನು ಕೆದಕಬೇಡಿ.

ಹಂಚಿನಮನೆ

ದೇವರು ಕ್ಷಮಿಸುವುದು ಬೇರೆ. ಭಾವನ ನಾಲ್ಕು ವರ್ಷಕ್ಕೆ ನಾನು ಬಾಕಿ ಇದ್ದೇನೆ.

ಹಂಚಿನಮನೆ (ಐದು ವಾರದ ನಂತರ)

ತುಂಬ ಜನ ಕೇಳಿದ್ದೀರಿ, ಏನಾಯಿತೆಂದು. ಆದಷ್ಟು ಹೇಳುತ್ತೇನೆ.

ಸಮಿತಿಗೆ ಕಾಗದ ಬರೆದೆ. ನನ್ನ ಮದುವೆಯ ವಿಷಯ ಮೊದಲ ಸಾಲಿನಲ್ಲೇ ಬರೆದು, ಆಮೇಲೆ ಹುಡುಗಿಯ ಅರ್ಜಿ ಮತ್ತೆ ಎತ್ತಿಕೊಳ್ಳಿ ಎಂದು ಕೇಳಿಕೊಂಡೆ. ಈ ಸಲ ಅವಳನ್ನು ಒಳಗೆ ಕರೆದು ಕೂರಿಸಿದೆವು. ಸುಮ್ಮನಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರು ಅವಳ ಪಕ್ಕಕ್ಕೆ ಬಂದು ಕೂತರು. ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತಂತೆ.

ಮೊದಲು ಗಂಡನನ್ನು ಹುಡುಕಿ ಮಾತಾಡಬೇಕು ಎಂದು ತೀರ್ಮಾನ ಆಯಿತು. ನಾನೂ ಅಯ್ಯನವರೂ ಇನ್ನೊಬ್ಬ ಹಿರಿಯರೂ ಬಸ್ಸು ಹತ್ತಿ ಘಟ್ಟದ ಮೇಲೆ ಹೋದೆವು. ವಿಳಾಸ ಸಿಕ್ಕಿತು. ಅವನು ಗೇಟಿನ ಒಳಗೇ ನಿಂತು ಮಾತಾಡಿದ. ಒಳಗೆ ಒಂದು ಮಗು ಅಳುತ್ತಿತ್ತು. ತನಗೆ ಈಗ ಬೇರೆ ಸಂಸಾರ ಇದೆ, ಸಭೆಗೂ ತನಗೂ ಸಂಬಂಧ ಇಲ್ಲ, ಇನ್ನು ಬರಬೇಡಿ ಎಂದ. ಅಯ್ಯನವರು ಅವನಿಗಾಗಿ ಪ್ರಾರ್ಥನೆ ಮಾಡಲಾ ಎಂದು ಕೇಳಿದರು. ಬೇಡ ಎನ್ನಲಿಲ್ಲ, ತಲೆ ತಗ್ಗಿಸಿ ನಿಂತ. ಗೇಟಿನ ಎರಡು ಕಡೆಯೂ ನಿಂತೇ ಪ್ರಾರ್ಥಿಸಿದೆವು. ಬಂದ ಮೇಲೆ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಅವನ ಹೆಸರಿನ ಎದುರು ಗೆರೆ ಎಳೆಯುವಾಗ ಯಾರಿಗೂ ಸಂತೋಷ ಇರಲಿಲ್ಲ. ಅವನೂ ನನ್ನ ಸಂಡೆ ಸ್ಕೂಲಿನ ಹುಡುಗನೇ.

ಹೆಸರು ಓದುವುದು ಒಂದೇ ಒಂದು ಮತದ ಅಂತರದಲ್ಲಿ ಪಾಸಾಯಿತು. ಕಾರಿನ ಮನೆಯ ಹಿರಿಯರು ವಿರುದ್ಧ ಕೈ ಎತ್ತಿದರು. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರ ಮನೆಗೆ ಒಬ್ಬನೇ ಹೋಗಿ ಬಂದೆ, ಬಾಗಿಲು ತೆಗೆಯಲಿಲ್ಲ. ಮತ್ತೆ ಹೋಗುತ್ತೇನೆ.

ಭಾವನ ಮನೆಗೆ ಹೆಂಡತಿಯ ಜೊತೆ ಹೋದೆ. ಬಂಗಾರದ ಇವತ್ತಿನ ಬೆಲೆ ಒಂದೇ ಸಲ ಕೊಡುವ ಶಕ್ತಿ ನನಗಿಲ್ಲ, ಮೊದಲ ಕಂತು ಲಕೋಟೆಯಲ್ಲಿ ಇಟ್ಟಿದ್ದೆ. ಅವರು ಲಕೋಟೆ ಮುಟ್ಟಲಿಲ್ಲ. ತುಂಬ ಹೊತ್ತು ಅಂಗಳದ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ "ಊಟ ಮಾಡಿಕೊಂಡು ಹೋಗಿ" ಎಂದರು. ಊಟ ಮಾಡಿದೆವು. ಲಕೋಟೆ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ.

ಭಾವ ಏನಾದರೂ ಹೇಳುವ ತನಕ ಸಂಸ್ಕಾರಕ್ಕೆ ನನ್ನ ಹೆಸರು ಬೇಡ ಎಂದು ಅಯ್ಯನವರಿಗೆ ತಿಳಿಸಿದೆ. ಹೋದ ಆದಿತ್ಯವಾರ ಎಲ್ಲರೂ ಮುಂದೆ ಹೋದಾಗ ಬೆಂಚಿನಲ್ಲಿ ಒಬ್ಬನೇ ಕೂತಿದ್ದೆ. ಅಷ್ಟು ಹಸಿವು ಯಾವತ್ತೂ ಆಗಿರಲಿಲ್ಲ.

ಅದೇ ಆರಾಧನೆಯಲ್ಲಿ ಅವರಿಬ್ಬರ ಹೆಸರು ಮೊದಲ ಸಲ ಓದಿದರು. ಆಕ್ಷೇಪಣೆ ಇದ್ದವರು ತಿಳಿಸಬೇಕು ಎಂದು ಅಯ್ಯನವರು ಹೇಳಿದಾಗ ಹುಡುಗಿ ಅಮ್ಮನ ಕೈ ಗಟ್ಟಿ ಹಿಡಿದುಕೊಂಡದ್ದು ನನ್ನ ಬೆಂಚಿನಿಂದ ಕಾಣುತ್ತಿತ್ತು. ಇನ್ನೂ ಎರಡು ವಾರ ಓದಬೇಕು.

ಕುಂದಾಪುರ, ಸದ್ಯ ದುಬೈ

ಅಂಕಲ್, ಆ ಗಾಯನ ತಂಡದ ಹುಡುಗನ ಮನೆಗೆ ಯಾರಾದರೂ ಹೋದರಾ?

ಹಂಚಿನಮನೆ

ಇಲ್ಲ ಮಗನೇ. ಈ ಶನಿವಾರ ಹೋಗುತ್ತೇನೆ.

ಬೆಟಗೇರಿ ಅಕ್ಕ

ಮದುವೆ ಯಾವತ್ತು ಅಂತ ಹೇಳ್ರಿ ಅಣ್ಣಾವ್ರೇ. ನಮ್ಮ ಸ್ತ್ರೀಯರ ಕೂಟದವರು ಅವಳಿಗೊಂದು ಇಳಕಲ್ ಸೀರೆ ತೆಗೆದಿಟ್ಟಿದ್ದೇವೆ.